ಫೋನಿನ ಮೇಡಂ, ಊರಿನ ಮೇಷ್ಟ್ರು

ಬುಂಗೋಮಾದ ವ್ಯಾನ್ ನಿಲ್ದಾಣದಲ್ಲಿ ಜೋಳ ಸುಡುತ್ತಿದ್ದ ನಫುಲಾಳ ಕಿವಿ ಪಕ್ಕದ ಬೆಂಚಿನತ್ತಲೇ ಇತ್ತು. ನಿವೃತ್ತ ಮೇಷ್ಟ್ರು ಬರಾಸಾ ಹಳೆಯ ಶಿಷ್ಯೆ ನಸಿಮಿಯುವನ್ನು ಮಾತಾಡಿಸುತ್ತಿದ್ದರು.

"ನರ್ಸಿಂಗ್ ಫೋನಲ್ಲೇ ಓದ್ತಿದ್ದೀಯಂತೆ?"

"ಹೂಂ ಮೇಷ್ಟ್ರೇ. ಹತ್ತು ಸಲ ಕೇಳಿದ್ರೂ ಅದ್ರಲ್ಲಿ ಪಾಠ ಹೇಳೋ ಮೇಡಂಗೆ ಸಿಟ್ಟೇ ಬರಲ್ಲ."

"ನಂಗೆ ಬರ್ತಿತ್ತಾ?"

"ಸೀಮೆಸುಣ್ಣ ಎಸೀತಿದ್ರಲ್ಲ!"

ಮೇಷ್ಟ್ರು ನಕ್ಕರು. "ಮತ್ಯಾಕೆ ಮುಖ ಸಪ್ಪಗಿದೆ?"

"ಔಷಧಿ ಅಳತೆ ಲೆಕ್ಕದಲ್ಲಿ ಎರಡು ಸಲ ಫೇಲಾದೆ. ಇನ್ನೊಂದ್ಸಲ ಆದ್ರೆ ಓದು ಮುಗೀತು. ನಂಗೆ ಅರ್ಥ ಆಗಿಲ್ಲ ಅಂತ ಆ ಮೇಡಂಗೆ ಕಾಣೋದೇ ಇಲ್ಲ. ನೀವಾದ್ರೆ ಮುಖ ನೋಡೇ ಹೇಳ್ತಿದ್ರಿ."

"ಪರೀಕ್ಷೆ ಯಾವಾಗ?"

"ನಾಳೆ."

ಕಿಮಿಲಿಲಿಗೆ ಹೋಗಲು ಕೂತಿದ್ದ ಮೇಷ್ಟ್ರು, ನಸಿಮಿಯು ಹೋಗಬೇಕಿದ್ದ ವೆಬುಯೆ ವ್ಯಾನು ಬಂದಾಗ ತಮ್ಮ ದಾರಿ ಬಿಟ್ಟು ಅವಳ ಹಿಂದೆಯೇ ಹತ್ತಿದರು. ವ್ಯಾನು ಹೊರಟಾಗ ಅವರು ಧೂಳು ಹಿಡಿದ ಕಿಟಕಿ ಗಾಜಿನ ಮೇಲೆ ಬೆರಳಿನಿಂದ ಭಿನ್ನರಾಶಿ ಬರೆಯುತ್ತಿರುವುದು ನಫುಲಾಳಿಗೆ ಕಂಡಿತು.