ಹಡಗಿನ ಅಧಿಕಾರಿಯ ವಂಶ

೧೯೭೪ರ ಅಕ್ಟೋಬರ್ ೧೨, ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಹಿಂದೊಮ್ಮೆ ಬ್ರಿಟಿಷರು ಕೈದಿಗಳನ್ನು ಹಡಗುಗಳಲ್ಲಿ ತುಂಬಿ ಗಡೀಪಾರು ಮಾಡುತ್ತಿದ್ದ ಟಾಸ್ಮೇನಿಯಾ ದ್ವೀಪದ ಒಂದು ಕೃಷಿ ಪ್ರದರ್ಶನದಲ್ಲಿ ಊನಾ ಚಹಾದ ಸಾಲಿನಲ್ಲಿ ನಿಂತಿದ್ದಳು. ಅವಳ ಮುಂದೆ ಅತ್ತೆ ಸೊಸೆ ಇಬ್ಬರು ಜಗಳಕ್ಕೆ ಬಿದ್ದಿದ್ದರು. ಸೊಸೆಯ ಎದೆಯ ಮೇಲೆ ಚೀಸ್ ಸ್ಪರ್ಧೆಯ ಮೊದಲ ಬಹುಮಾನದ ನೀಲಿ ಪಟ್ಟಿಯಿತ್ತು.

"ಚೀಸ್ ಮುಂದೆ ಆ ಚೀಟಿ ಯಾಕಿಟ್ಟೆ ಥೆಲ್ಮಾ? ಮೊದ್ಲು ಹೋಗಿ ತೆಗಿ."

"ಬರೆದಿರೋದು ನಿಜಾನೇ ಅಲ್ವಾ ಅತ್ತೆ? 'ಚೀಸ್ ಕದ್ದು ಗಡೀಪಾರಾಗಿ ಇಲ್ಲಿಗೆ ಬಂದ ನಮ್ಮ ಮುತ್ತಜ್ಜ ಜೊಸಾಯಾನ ನೆನಪಿಗೆ.'"

"ಮೆಲ್ಲಗೆ ಮಾತಾಡೇ! ಅವರು ಹಡಗಿನ ಅಧಿಕಾರಿ ಅಂತ ಐವತ್ತು ವರ್ಷದಿಂದ ಊರಿಗೆಲ್ಲ ಹೇಳ್ಕೊಂಡು ಬಂದಿದೀನಿ."

"ಈ ಕಣಿವೇಲಿ ಎಲ್ಲರ ಮುತ್ತಜ್ಜನೂ ಹಡಗಿನ ಅಧಿಕಾರೀನೇ. ಹಾಗಾದ್ರೆ ಅಷ್ಟೊಂದು ಹಡಗಲ್ಲಿ ತುಂಬ್ಕೊಂಡು ಬಂದಿದ್ದು ಯಾರನ್ನ?"

ಊನಾಳಿಗೆ ನಗು ತಡೆಯಲಾಗಲಿಲ್ಲ. ಅವಳ ಮನೆಯಲ್ಲೂ ಮುತ್ತಜ್ಜ ಹಡಗಿನ ಅಧಿಕಾರಿಯೇ. ಸಾಲಿನಲ್ಲಿ ಇನ್ನೂ ನಾಲ್ಕೈದು ಜನ ನಕ್ಕರು.

"ನೋಡು, ನಮ್ಮನ್ನ ನೋಡಿ ನಗ್ತಿದಾರೆ."

"ನಮ್ಮನ್ನಲ್ಲ ಅತ್ತೆ. ಅವರವರ ಮುತ್ತಜ್ಜಂದಿರನ್ನ ನೆನೆಸ್ಕೊಂಡು."

ಅತ್ತೆ ಒಬ್ಬೊಬ್ಬರ ಮುಖವನ್ನೂ ನೋಡಿದರು. ಯಾರೂ ಮುಖ ತಿರುಗಿಸಲಿಲ್ಲ.

"ಮುತ್ತಜ್ಜ ಕದ್ದ ಚೀಸ್ ಎಷ್ಟು ದೊಡ್ಡದು?"

"ಎರಡು ಕಿಲೋನೂ ಇರ್ಲಿಲ್ವಂತೆ."

"ಅಷ್ಟಕ್ಕೆ ಏಳು ವರ್ಷ ಶಿಕ್ಷೆ! ನಡಿ, ನಿನ್ನ ಅಕ್ಷರ ಇರುವೆ ಸಾಲಿನ ಹಾಗಿದೆ, ದೂರದವರಿಗೆ ಕಾಣಲ್ಲ. ನಾನೇ ದೊಡ್ಡದಾಗಿ ಬರೀತೀನಿ. ನಿನ್ನ ಚೀಸ್ ತೂಕಾನೂ ಕೆಳಗೆ ಹಾಕೋಣ. ಎಷ್ಟು ತೂಗಿತು?"

ಚಹಾ ಮರೆತು ಇಬ್ಬರೂ ಸಾಲು ಬಿಟ್ಟು ಹೊರಟರು. ಹೋಗುತ್ತಾ ಸೊಸೆ ಕೊಟ್ಟ ಉತ್ತರ ಊನಾಳಿಗೂ ಕೇಳಿಸಿತು.

"ಹನ್ನೊಂದು ಕಿಲೋ ನಾನೂರು ಗ್ರಾಂ."