ಬಣ್ಣ ಮುಟ್ಟದಂಗೆ

ಅಯ್ಯಯ್ಯ, ಬ್ಯಾಡ ಬ್ಯಾಡ! ಆ ಬಣ್ಣದ ಡಬ್ಬಿಗೆ ಕೈನೇ ಹಾಕಬ್ಯಾಡ್ರಿ ಸಾಬ್ರೆ! ಆಗ್ಲೇ ಹೇಳ್ಲಿಲ್ವಾ, ಒಂದು ಹನಿ ಬಣ್ಣ ತಾಗಂಗಿಲ್ಲ, ವಾಸ್ನೆ ಸುದ್ದ ಬರಂಗಿಲ್ಲ ಅಂತ... ಹಾಂ? ಪಕ್ಕಕ್ಕೆ ಎತ್ತಿಡ್ತಿದ್ರಾ? ಹಂಗಾದ್ರೆ ಸರಿ. ಹರಿಹರದಾಗೆ ನಬೀ ಸಾಬ್ರು ಅಂತ ಒಬ್ರು ಇದಾರೆ, ಒಳಗಿಂದ ಕಂಬಿ ಹಾಕಿ ಒತ್ತಿ ಒತ್ತಿ ತಗ್ಗು ಎಬ್ಬಿಸ್ತಾರೆ, ಮೇಲಿನ ಬಣ್ಣಕ್ಕೆ ಕೂದ್ಲಷ್ಟು ಗೀರು ಬೀಳಲ್ಲ ಅಂತ ಕೇಳೇ ನಾನು ಬಂದಿರೋದು.

ಹನ್ನೊಂದು ತಗ್ಗು ಐತೆ ನೋಡ್ರಿ. ಕಾರಿನ ಟಾಪ್ ಮೇಲೆ ಏಳು, ಬಾನೆಟ್ ಮೇಲೆ ನಾಕು. ಯಾಕ ಹಂಗೆ ನೋಡ್ತೀರಿ? ಎಣಿಸೀನಿ ಕಣ್ರಿ! ಸಂಜೆಯೊಳಗೆ ಆಗ್ಬೇಕು. ನಾಳೆ ಬೆಳಿಗ್ಗೆ ನಮ್ಮನೆಯೋರು ಹುಬ್ಬಳ್ಳಿಯಿಂದ ಬರ್ತಾರೆ, ಜತೀಗೆ ನಮ್ಮ ಭಾವ ಕುಬೇರಪ್ನೋರು. ಇಪ್ಪತ್ತು ವರ್ಷ ಲಾರಿ ಓಡಿಸ್ದೋರು ಅವರು. ಗಾಡಿ ಮೇಲೆ ಅಂಗೈ ಸವರಿದ್ರೆ ಸಾಕು, ಅದರ ಜಾತಕಾನೇ ಹೇಳ್ತಾರೆ. ಅವರ ಕಣ್ಣಿಗೆ ಇದು ಬೀಳಬಾರ್ದು.

ಯಾರು ತಂದ್ರು ಅಂದ್ರಾ? ನಾನೇ! ದಾವಣಗೆರೆಯಿಂದ ಇಲ್ಲೀತನಕ ನಾನೇ ಓಡಿಸ್ಕಂಡು ಬಂದೆ. ಎರಡು ಲಾರಿ ಹಿಂದೆ ಹಾಕ್ದೆ ಗೊತ್ತಾ? ಯಾಕ ನಗ್ತೀರಿ? ಹಂಗೇ ನಕ್ಕಿದ್ರು ಅವರೂ... ನಗ್ರಿ, ನಗ್ರಿ.

ಹೇಳ್ತೀನಿ ಕೇಳ್ರಿ. ಉಚ್ಚೆಂಗಪ್ಪ ಅಂತ ನಮ್ಮ ಡ್ರೈವರ್ರು. ಒಂಬತ್ತು ವರ್ಷದಿಂದ ನಮ್ಮನ್ಯಾಗೇ ಇದ್ದ. ನಂಗೆ ಓಡ್ಸದು ಕಲಿಸ್ಕೊಡಪ್ಪಾ, ಯಾರ ಮುಂದೂ ಬಾಯಿ ಬಿಡಬ್ಯಾಡ ಅಂದೆ. ಆಗ್ಲಿ ಅಕ್ಕಾರೆ ಅಂದ. ಎರಡು ತಿಂಗ್ಳು, ಕಡರನಾಯಕನಹಳ್ಳಿ ರಸ್ತೆಯಾಗೆ ಕಲಿಸ್ದ. ಚೆನ್ನಾಗೇ ಕಲಿಸ್ದ, ಇಲ್ಲ ಅನ್ನಲ್ಲ. ಆಮ್ಯಾಲೆ ಏನು ಮಾಡ್ದ? ನಮ್ಮ ಭಾವನ ಮನೆ ಗೃಹಪ್ರವೇಶ, ಊಟದ ಪಂಕ್ತಿ ಕೂತೈತೆ, ನೂರು ಜನ! ಎಲ್ರ ಮುಂದೆ ನಿಂತ್ಕಂಡು, ನನ್ನ ಕಡೆ ಕೈ ಮಾಡಿ, ‘ವಾಣಕ್ಕಾರು ಗಾಡಿಗೆ ಎಮ್ಮೆ ಅಡ್ಡ ಬಂದ್ರೆ ಹಾರ್ನ್ ಹೊಡಿಯಲ್ಲ, ಕಿಟಕಿಯಾಗೆ ತಲೆ ಹಾಕಿ ಹೋಯ್ ಹೋಯ್ ಅಂತಾರೆ’ ಅಂದ. ಪಂಕ್ತಿಗೆ ಪಂಕ್ತೀನೇ ನಕ್ತು. ಎಲ್ರಿಗಿಂತ ಮೊದ್ಲು ನಕ್ಕೋರು ನಮ್ಮನೆಯೋರು. ಮನೆಗೆ ಬಂದ ಮೇಲೆ ನಗು ಇಲ್ಲ ಏನಿಲ್ಲ, ‘ಕೀ ತಾ ಇಲ್ಲಿ’ ಅಂದ್ರು. ಅವತ್ತಿಂದ ಕೀ ಉಚ್ಚೆಂಗಪ್ಪನ ಸೊಂಟದಾಗೆ! ನಮ್ಮನೆ ಗಾಡಿ ಕೀ! ದಿನಾ ನನ್ನ ಕಣ್ಮುಂದೆ ಝಣ್ ಝಣ್ ಅನ್ನಿಸ್ಕಂಡು ಓಡಾಡ್ತಿದ್ದ. ನಾನು ಹಲ್ಲು ಕಚ್ಕಂಡು ಕಾದೆ ಸಾಬ್ರೆ. ಏಳು ತಿಂಗ್ಳು ಕಾದೆ.

ಹೋದ ಸೋಮವಾರ ಆಣೆಕಲ್ಲು ಮಳೆ ಬಿತ್ತಲ್ರಿ. ಆನಗೋಡು ಕಡೆ ನಿಂಬೆಹಣ್ಣಿನ ಗಾತ್ರ ಬಿತ್ತಂತೆ. ನಮ್ಮ ಸರಸ್ವತಿ ನಗರದಾಗೂ ಬಿತ್ತು... ಬಿತ್ತು ಅಂದ್ನಲ್ಲ! ಇವ್ನು ಗಾಡಿ ಶೆಡ್ಡಿಗೆ ಹಾಕ್ದೇ ಕಾಂಪೌಂಡಿನಾಗೆ ಬಿಟ್ಟು ಊಟಕ್ಕೆ ಹೋಗಿದ್ದ. ಸಂಜೆ ನಮ್ಮನೆಯೋರು ನೋಡಿದ್ರು. ಮರುದಿನ ಗಾಡಿ ಎಲ್ಲಿಗೋ ತೋರ್ಸಾಕೆ ಅವ್ನನ್ನೇ ಕಳ್ಸಿದ್ರು, ಅವ್ನು ವಾಪಸ್ ಬಂದ ಮೇಲೆ ಕೀ ಇಸ್ಕಂಡು ಕೆಲ್ಸ ಬಿಡಿಸಿದ್ರು. ನಂಗೆ ಹೊಟ್ಟೆ ತಣ್ಣಗಾತು. ಸುಳ್ಳು ಯಾಕ ಹೇಳ್ಲಿ? ಅವತ್ತು ಶಾವಿಗೆ ಪಾಯಸ ಮಾಡಿ ತಿಂದೆ.

ಏನ್ರಿ ಅದು? ಬೇರಿಂಗ್ ಗುಂಡಾ? ಅದನ್ಯಾಕ ತಗ್ಗಿನಾಗೆ ಇಡ್ತೀರಿ? ಹಾಂ, ಕೂತ್ಕಂತು. ಅದ್ರಾಗೂ ಕೂತ್ಕಂತು... ಕೂತ್ಕಂಡ್ರೆ ಏನೀಗ? ಸುಮ್ನೆ ಕಂಬಿ ಹಿಡೀರಿ. ಎಲ್ಲಾದ್ರಾಗೂ ಯಾಕ ಇಟ್ಟು ನೋಡ್ತೀರಿ? ಎಲ್ಲಾ ಒಂದೇ ಅಳತೆ ಬಿದ್ದಿರ್ತವೆ! ದೇವ್ರು ಹಂಗೇ ಹಾಕ್ಯಾನೆ! ಯಾಕ, ಆಣೆಕಲ್ಲು ಒಂದು ದೊಡ್ಡದು ಒಂದು ಸಣ್ಣದೇ ಇರ್ಬೇಕು ಅಂತ ಏನಾರ...

ಹಂಗೆ ನೋಡಬ್ಯಾಡ್ರಿ.

ಹೌದು, ನಾನೇ. ಏನೀಗ? ಬಿದ್ದಿದ್ದು ಕಡ್ಲೆಬೇಳೆಯಷ್ಟು, ಹತ್ತು ನಿಮಿಷ. ಹೊರಗೆ ಬಂದು ನೋಡ್ತೀನಿ, ಗಾಡಿಗೆ ಒಂದು ಚುಕ್ಕಿ ಆಗಿಲ್ಲ! ಮಳ್ಯಾಗೆ ತೊಳ್ಕಂಡು ಪಳಪಳ ಅಂತ ನಿಂತೈತೆ. ತಡ್ಯಾಕಾಗ್ಲಿಲ್ಲ ನಂಗೆ. ಶುಂಠಿ ಜಜ್ಜೋ ಗುಂಡುಕಲ್ಲು ತಂದೆ, ಹಳೇ ಸೀರೆ ತುಂಡು ಸುತ್ತಿದೆ. ಆಣೆಕಲ್ಲು ಬಿದ್ರೆ ತಗಡು ತಗ್ಗಾಗ್ತದೆ, ಬಣ್ಣ ಒಡೆಯಲ್ಲ ಅಂತ ಆ ಉಚ್ಚೆಂಗಪ್ಪನೇ ಒಂದ್ಸಲ ಹೇಳಿದ್ದ. ಹನ್ನೊಂದು ಏಟು. ಒಂದೊಂದು ಏಟಿಗೂ ನಕ್ಕೋರ ಮುಖ ಕಂಡ್ವು. ಇನ್ನೂ ಹಾಕ್ತಿದ್ದೆ, ಗೇಟಿನ ಸದ್ದಾತು.

ಸರಿ, ಗೊತ್ತಾತಲ್ಲ. ಈಗ ಒತ್ತಿ ತೆಗೀರಿ, ನಿಮಗೆ ಕೈ ಮುಗೀತೀನಿ. ಹಾಂ, ಆ ಟಾಪಿನ ಒಳಗಿನ ಬಟ್ಟೆ ಬಿಚ್ರಿ... ಏನ್ರಿ, ಮುಟ್ಟಿದ ಕೂಡ್ಲೇ ಬಂದ್ಬಿಡ್ತು? ಮೊದ್ಲೇ ಯಾರೋ ಬಿಚ್ಚಿದಂಗೈತಲ್ಲ? ಯಾರು? ನೀವಾ? ಯಾವಾಗ?

ಮಂಗಳವಾರ... ಇಲ್ಲಿಗೇ ಬಂದಿದ್ನಾ ಉಚ್ಚೆಂಗಪ್ಪ? ನಿಮ್ಮ ಹತ್ರಾನೇ ತಂದಿದ್ನಾ?

ಈ ಗುಂಡು... ಅವ್ನ ಮುಂದೂ ಹಿಂಗೇ ಇಟ್ಟು ತೋರ್ಸಿದ್ರಾ? ತಲೆ ಬಗ್ಗಿಸಬ್ಯಾಡ್ರಿ, ಹೇಳ್ರಿ! ತೋರ್ಸಿದ್ರಾ?

ತೋರ್ಸೀರಿ.

ಹಂಗಂದ್ರೆ ಗೊತ್ತಿತ್ತು ಅವ್ನಿಗೆ. ಅವತ್ತು ಮನ್ಯಾಗೆ ಇದ್ದೋಳು ನಾನೊಬ್ಳೇ, ಗೇಟು ತೆಗ್ದು ಬಂದೋನು ಅವ್ನೇ. ಎಲ್ಲಾ ಗೊತ್ತಿತ್ತು! ಗೊತ್ತಿದ್ದೂ ವಾಪಸ್ ಬಂದು ನಮ್ಮನೆಯೋರ ಮುಂದೆ ಕೈಕಟ್ಕಂಡು ನಿಂತು, ‘ಆಣೆಕಲ್ಲೇ ಸಾವ್ಕಾರ್ರೆ, ನಂದೇ ತಪ್ಪು’ ಅಂದ್ನಲ್ರಿ! ನಾನು ನಡುಮನೆ ಬಾಗ್ಲಾಗೆ ನಿಂತಿದ್ದೆ. ನನ್ನ ಕಡೆ ಒಂದ್ಸಲ ನೋಡ್ದ. ನನ್ನ ಕಂಡು ಹೆದ್ರಿದಾನೆ ಅಂದ್ಕಂಡೆ ನಾನು. ಹೆದ್ರಿದಾನೆ ಅಂತ!

ಅಂಥಾ ಬಾಯಿಬಡಕ... ಒಂದು ಮಾತು ಆಡಬಾರ್ದಿತ್ತಾ? ಅಂದಿದ್ರೆ ನಾನೂ ಅನ್ತಿದ್ದೆ, ಬೈದಾಡ್ಕಂಡು ಅತ್ಕಂಡು ಮುಗಿದುಹೋಗ್ತಿತ್ತು. ಕೀ ಕೆಳಗಿಟ್ಟ, ಚಪ್ಲಿ ಮೆಟ್ಕಂಡ, ಹೋದ. ನೋಡ್ರಿ, ನೋಡ್ರಿ ಹೆಂಗೆ ಸೇಡು ತೀರಿಸ್ಕಂಡ ನನ್ನ ಮೇಲೆ!

ಯಾಕ ಕಂಬಿ ಕೆಳಗಿಟ್ರಿ? ಒತ್ತಲ್ವಾ?

ಸಾಬ್ರೆ... ನೀವೂ ಅವ್ನಂಗೇ ನಿಂತ್ರೆ ಹೆಂಗೆ? ಬೈರಿ. ಬಾಯಿಗೆ ಬಂದಂಗೆ ಬೈರಿ. ನೀವಾದ್ರೂ ಸುಮ್ನಿರಬ್ಯಾಡ್ರಿ.