ಲಿನ್ಸಿ ಬಿಟ್ಟ ಸೀಟು

…ಅಲ್ಲ ಲಿಸ್ಸಿಯಕ್ಕ, ಬಿ.ಎ. ಮುಚ್ಚಿದ್ದು ನಾನಾ? ನನ್ನ ಮುಖ ಹೀಗೆ ನೋಡಿದ್ರೆ ಎಂತ ಬಂತು? ಮೊದಲು ಕೂತುಕೊಳ್ಳಿ. ಆ ಕುರ್ಚಿ ಬೇಡ, ಅದರ ಕಾಲು ಅಲುಗಾಡ್ತದೆ. ಗಟ್ಟಿ ಇದ್ದ ಕುರ್ಚಿಗಳೆಲ್ಲ ಮೊನ್ನೆಯೇ ಬಿ.ಸಿ.ಎ.ಯವರ ಸ್ಟಾಫ್ ರೂಮಿಗೆ ಹೋದವು. ನಗ್ಬೇಡಿ… ಓ, ನಗ್ಲಿಲ್ವಾ? ನಗಿ ಮಾರಾಯ್ರೆ, ನಗುವಂಥದ್ದೇ! ಇಷ್ಟು ವರ್ಷ ಇದೇ ಕಾಲೇಜಲ್ಲಿ ಚರಿತ್ರೆ ಪಾಠ ಮಾಡಿದ ನನಗೆ, ಈ ತೀರ್ಥರಾಮ ಮಾಸ್ಟ್ರಿಗೆ, ಈಗ ಎಂತ ಕೆಲಸ ಗೊತ್ತುಂಟಾ? ಲೈಬ್ರರಿಯಲ್ಲಿ ಪುಸ್ತಕಕ್ಕೆ ನಂಬರ್ ಅಂಟಿಸುದು.

ನೋಟೀಸು ನೀವೂ ನೋಡಿದ್ರಲ್ಲ. ಈ ವರ್ಷ ಬಿ.ಎ. ಇಲ್ಲ. ಸೇರಿದ ನಾಲ್ಕು ಮಕ್ಕಳು ಬೇಕಾದ್ರೆ ಬಿ.ಕಾಂ.ಗೆ ಹೋಗ್ಬಹುದು, ಬೇಡದಿದ್ರೆ ಟಿ.ಸಿ. ತಗೊಂಡು ಮನೆಗೆ. ನಾನು ಸಂಚಾಲಕರ ರೂಮಿಗೇ ಹೋಗಿ ಬೊಬ್ಬೆ ಹಾಕಿದೆ. ಹೌದು, ಬೊಬ್ಬೆಯೇ! "ಸ್ವಾಮಿ, ಮಕ್ಕಳಿಗೆ ಯೋಚನೆ ಮಾಡ್ಲಿಕ್ಕೆ ಕಲಿಸುವ ಜಾಗ ಈ ಕಾಲೇಜಲ್ಲಿ ಇದೊಂದೇ ಉಂಟು" ಅಂದೆ. ಅವರು ಎಂತ ಹೇಳಿದ್ರು ಗೊತ್ತುಂಟಾ? "ಯೋಚನೆ ಮನೆಯಲ್ಲಿ ಕೂತು ಪುಕ್ಸಟ್ಟೆ ಮಾಡ್ಬಹುದು ಮಾಸ್ಟ್ರೆ, ಅದಕ್ಕೆ ಯಾರು ಫೀಸು ಕೊಡ್ತಾರೆ?" ಅಂತ. ಕೂತವರೆಲ್ಲ ನಕ್ಕರು. ಚಾ ತಂದವನೂ ನಕ್ಕ! ನನಗೆ ಮೈಯೆಲ್ಲ ಉರಿದು ಹೋಯ್ತು.

ನಿಮ್ಮ ಮಗಳು ಲಿನ್ಸಿ ಎಂತ ಹೇಳ್ತಾಳೆ? ಅಳ್ತಾಳಾ? … ಎಂತಾದ್ರೂ ಹೇಳಿ ಲಿಸ್ಸಿಯಕ್ಕ, ಬೈಯ್ಯಿರಿ ಬೇಕಾದ್ರೆ. ನೀವು ಸುಮ್ಮನೆ ಕೂರುವ ಹೆಂಗಸಲ್ಲ. ಆದಿತ್ಯವಾರ ಕುರ್ಬಾನದ ಪೂಜೆ ಮುಗಿದ ಮೇಲೆ ನಿಮ್ಮ ಚರ್ಚಿನ ಹಾಲಲ್ಲಿ ನಾನು ದೊಡ್ಡವರಿಗೆ ಕ್ಲಾಸು ಶುರು ಮಾಡಿದೆನಲ್ಲ, ಎಲ್ರೂ ಬಂದದ್ದು ಕನ್ನಡದಲ್ಲಿ ಅರ್ಜಿ ಬರೀಲಿಕ್ಕೆ ಕಲಿಯುವ ಅಂತ. ನೀವು? ಎಷ್ಟು ಸಾಬೂನು ಹಾಕಿದ್ರೂ ಹೋಗದ ಆ ರಬ್ಬರ್ ಹಾಲಿನ ವಾಸನೆಯ ಕೈ ಮೇಲೆ ಮಾಡಿ ಕೇಳಿದ್ರಿ, "ಮಾಸ್ಟ್ರೆ, ನಮ್ಮ ಅಪ್ಪಚ್ಚನ್, ಅಜ್ಜ, ಕೇರಳದಿಂದ ಬಂದು ರಬ್ಬರ್ ಹಾಕುವ ಮೊದಲು ಈ ಗುಡ್ಡೆಯಲ್ಲಿ ಯಾರಿದ್ರು?" ಅಬ್ಬ! ಹಿಂದಿನ ಬೆಂಚಿನ ಅಜ್ಜ ಮುಖ ಊದಿಸಿಕೊಂಡು ಎದ್ದೇ ಹೋದ್ರು, ನೆನಪುಂಟಾ? ನನ್ನ ಬಿ.ಎ. ಮಕ್ಕಳು ಒಂದು ದಿನವೂ ಅಂಥ ಪ್ರಶ್ನೆ ಕೇಳಿದವರಲ್ಲ. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ, "ಸೇವಂತಿ, ಪಾಠ ಮಾಡಿದ್ದು ಇವತ್ತು ಸಾರ್ಥಕ ಆಯ್ತು" ಅಂತ. ಅವಳು, "ಗಂಜಿ ತಣ್ಣಗಾಗ್ತದೆ, ಉಣ್ಣಿ" ಅಂದ್ಲು. ಅಷ್ಟೇ ಮಾರಾಯ್ರೆ ನನ್ನ ಬೆಲೆ!

ಹ್ಞಾಂ? ಯಶಸ್ವಿಯಾ? ನನ್ನ ಮಗಳ ವಿಷಯ ಈಗ ಯಾಕೆ? ಅವಳು… ಮರ್ಕಂಜದಲ್ಲಿದ್ದಾಳೆ, ಅಜ್ಜಿಮನೆಯಲ್ಲಿ. ನಾವು ಲಿನ್ಸಿಯ ವಿಷಯ ಮಾತಾಡುವ.

ನಿಮ್ಮ ಸಿಟ್ಟು ನನಗೆ ಅರ್ಥ ಆಗ್ತದೆ. ಮಂಗಳೂರಲ್ಲಿ ನರ್ಸಿಂಗ್ ಸೀಟು ಸಿಕ್ಕಿದ ಹುಡುಗಿ. ಅದನ್ನು ಬಿಡಿಸಿದ್ದು ನಾನು. ಇಲ್ಲ ಅಂತ ಹೇಳುದಿಲ್ಲ. ಮೇ ತಿಂಗಳಲ್ಲಿ ನಿಮ್ಮ ಇಚಿಲಂಪಾಡಿಯ ಮನೆ ಜಗಲಿಯಲ್ಲಿ ಕೂತು ಬಾಯಿ ಒಣಗುವವರೆಗೆ ಮಾತಾಡಿದೆ. ನಿಮ್ಮವರಲ್ಲಿ ಹೆಣ್ಣು ಹುಟ್ಟಿದ್ರೆ ಜ್ಞಾನಸ್ನಾನಕ್ಕೆ ಮೊದಲೇ ನರ್ಸಿಂಗ್ ಅಂತ ತೀರ್ಮಾನ ಆಗಿರ್ತದೆ! ನಿಮ್ಮ ನಾದಿನಿಯರು ಒಬ್ಬರು ಕುವೈತಲ್ಲಿ, ಒಬ್ಬರು ಐರ್ಲೆಂಡಲ್ಲಿ. ಅಂಥ ಮನೆಯಲ್ಲಿ ಲಿನ್ಸಿ, "ನನಗೆ ಚರಿತ್ರೆ ಓದ್ಬೇಕು" ಅಂದ್ಲು. ನಿಮ್ಮ ಯಜಮಾನರು ಐಸಕಣ್ಣ ಕೇಳಿದ್ರು, "ಚರಿತ್ರೆಗೆ ಯಾವ ದೇಶದವರು ವೀಸಾ ಕೊಡ್ತಾರೆ ಮಾಸ್ಟ್ರೆ?"

ನಾನು ಹೇಳಿದೆ, ಕೈಗೆ ಕೆಲಸ ಕಲಿಸುವವರು ಊರು ತುಂಬ ಇದ್ದಾರೆ ಐಸಕಣ್ಣ. ಯಾರು ಎಂತ ಹೇಳಿದ್ರೂ ಹೌದು ಹೌದು ಅನ್ನದ ಒಂದು ತಲೆ ಬೇಕಲ್ಲ, ಅದು ಎಲ್ಲಿ ಸಿಗ್ತದೆ? ಕೆಲಸ ನಾಳೆ ಹೋದೀತು, ಓದಿ ಬಂದ ಬುದ್ಧಿಯನ್ನು ಯಾರೂ ಕಿತ್ತುಕೊಳ್ಳುದಿಲ್ಲ ಅಂತ. ಐಸಕಣ್ಣ ನಿಮ್ಮ ಕಡೆ ನೋಡಿದ್ರು. ನೀವು ಸೆರಗಲ್ಲಿ ಮುಖ ಒರೆಸಿಕೊಂಡು ಹೇಳಿದ್ರಿ, "ನನಗಂತೂ ಆಗ್ಲಿಲ್ಲ. ಅವಳು ಓದ್ಲಿ." ನಿಮ್ಮ ಆ ಮಾತಿಗೇ ಅವರು ಒಪ್ಪಿದ್ದು.

ಈಗ ಅವರು ಇನ್ನು ಬಿ.ಎ. ಅಂದ್ರೆ ಗೇಟಿನ ಹೊರಗೂ ಬಿಡ್ಲಿಕ್ಕಿಲ್ಲ ಅಲ್ವಾ? … ಹೌದು. ಗೊತ್ತಿತ್ತು.

ನಾನು ಕೈ ಕಟ್ಟಿ ಕೂತಿಲ್ಲ ಮಾರಾಯ್ರೆ. ಆ ನರ್ಸಿಂಗ್ ಕಾಲೇಜಿಗೆ ನಾನೇ ಫೋನು ಮಾಡಿದೆ. ಅವಳ ಸೀಟು ಆಗಲೇ ಬೇರೆಯವರಿಗೆ ಹೋಗಿ ಆಯ್ತಂತೆ. ಯಾರಿಗೋ… ಹಾಗೆಲ್ಲ ಹೆಸರು ಹೇಳುದಿಲ್ಲ ಅವರು. ಬರುವ ವರ್ಷ ನೋಡುವ ಅಂದ್ರು.

ಎಂತ ಹಾಗೆ ನೋಡುದು? … ಹೇಳಿ ಮಾರಾಯ್ರೆ, ತಲೆ ಹಾಳಾಗ್ತದೆ ನನಗೆ! … ಹೋಗಿದ್ರಾ? ಮಂಗಳೂರಿಗಾ? ಯಾವಾಗ? … ನಿನ್ನೆ. ಸೀಟು ವಾಪಸು ಕೇಳ್ಲಿಕ್ಕೆ. ಲಿನ್ಸಿಯನ್ನೂ ಕರ್ಕೊಂಡು…

ಹಾಗಾದ್ರೆ… ನೋಡಿದ್ರಿ ನೀವು.

ಯಶಸ್ವಿ ಮಾತಾಡಿದ್ಲಾ? ಆ ಬಿಳಿ ಕೋಟು ಹಾಕಿಕೊಂಡೇ ಓಡಿ ಬಂದಿರ್ತಾಳೆ, ಲಿನ್ಸಿಯ ಕೈ ಹಿಡಿದಿರ್ತಾಳೆ. ಪಿ.ಯು.ಸಿ.ಯಲ್ಲಿ ಒಂದೇ ಬೆಂಚಲ್ಲಿ ಕೂತ ಮಕ್ಕಳಲ್ವಾ? ಅವಳಿಗೆ ಎಂತದೂ ಗೊತ್ತಿಲ್ಲ ಲಿಸ್ಸಿಯಕ್ಕ. ಅವಳನ್ನು ಬೈಯ್ಯಬೇಡಿ. ವೈಟಿಂಗ್ ಲಿಸ್ಟಲ್ಲಿ ಮುಂದಿನ ಹೆಸರು ಅವಳದ್ದೇ ಇತ್ತು. ಸೇವಂತಿ ದಿನಾ ಅಳ್ತಿದ್ಲು, ಊರಿನ ಮಕ್ಕಳಿಗೆ ನಿಮ್ಮ ಭಾಷಣ ಸಾಕು, ನನ್ನ ಮಗಳಿಗೆ ಒಂದು ಕೆಲಸ ಬೇಕು ಅಂತ. … ಛೆ, ಅವಳ ತಲೆಗೆ ಕಟ್ಟುದು ಯಾಕೆ? ಬೇಕಾದದ್ದು ನನಗೇ.

ಅದು ಲಿನ್ಸಿಯ ಸೀಟು ಅಂತ ನನಗೆ ಗೊತ್ತಿರ್ಲಿಲ್ಲ… ಹಾಗೆ ಹೇಳುವ ಅಂತಲೇ ಇದ್ದೆ. ನೀವು ಒಂದು ಮಾತು ಬೈದಿದ್ರೆ ಹೇಳ್ತಿದ್ದೆ. ನಾನೂ ಬೈದು, ಮ್ಯಾನೇಜ್ಮೆಂಟನ್ನು ಬೈದು, ಸರ್ಕಾರವನ್ನು ಬೈದು ತಪ್ಪಿಸಿಕೊಳ್ತಿದ್ದೆ. ನೀವು ಹೀಗೆ ಸುಮ್ಮನೆ ಕೂತರೆ ನಾನು ಎಂತ ಮಾಡುದು?

ಆ ದಿನ ನಿಮ್ಮ ಮನೆಯಿಂದ ಇಳಿದು ಬಸ್ಸಿಗೆ ಕಾಯುವಾಗಲೇ ಆ ಕಾಲೇಜಿಗೆ ಫೋನು ಮಾಡಿದೆ. ಒಂದು ಸೀಟು ಖಾಲಿ ಆಗ್ತದೆ, ನನ್ನ ಮಗಳನ್ನು ಮರೀಬೇಡಿ ಅಂತ.

ಏಳ್ಬೇಡಿ… ಒಂದು ನಿಮಿಷ ಕೂರಿ. ಅದಕ್ಕಾಗಿ ಬಿಡಿಸಿದ್ದಲ್ಲ, ದೇವರಾಣೆ ಅಲ್ಲ! ನಿಮ್ಮ ಜಗಲಿಯಲ್ಲಿ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ನಂಬಿಯೇ ಹೇಳಿದ್ದು. ಈಗಲೂ ನಂಬ್ತೇನೆ.

ಆ ಮಾತನ್ನು ಯಶಸ್ವಿಗೆ ಮಾತ್ರ ಒಂದು ದಿನವೂ ಹೇಳ್ಲಿಲ್ಲ. ಹೇಳಿದ್ರೆ ಅವಳೂ ಹೌದು ಅಂತ ನನ್ನ ಬಿ.ಎ.ಗೆ ಬಂದು ಕೂತಾಳು ಅಂತ ಹೆದರಿಕೆ ಆಯ್ತು, ಲಿಸ್ಸಿಯಕ್ಕ.